ಲಾಕ್ ಮಾಡದ ಗೆರೆ

ಅರವತ್ತೊಂದು, ಅರವತ್ತೆರಡು, ಪರದೆಯ ಮೂಲೆಯಲ್ಲಿ ಶೇಕಡಾ ಏರುತ್ತಿದೆ, ಆಟೋ ರೂಟರ್ ಎಂಬ ಪ್ರೋಗ್ರಾಂ ತನ್ನಷ್ಟಕ್ಕೆ ಸರ್ಕ್ಯೂಟ್ ಬೋರ್ಡಿನ ತುಂಬ ತಾಮ್ರದ ಗೆರೆ ಎಳೆಯುತ್ತಿದೆ, ಕೆಂಪು ಮೇಲಿನ ಪದರಕ್ಕೆ, ನೀಲಿ ಕೆಳಗಿನದಕ್ಕೆ, ದಾರಿ ಸಿಗದಿದ್ದರೆ ಎಳೆದದ್ದನ್ನೇ ಕಿತ್ತುಹಾಕಿ ಮತ್ತೆ ಎಳೆಯುತ್ತದೆ, ಅದಕ್ಕೇನು, ನಾಚಿಕೆಯೇ ಸಂಕೋಚವೇ, ತಪ್ಪಾಯಿತೆಂದು ಯಾರ ಮುಂದೆಯೂ ನಿಂತು ಹೇಳಬೇಕಾಗಿಲ್ಲ — ಈ ಸಲ ಅವಳು ಅಲಾರಂಗೆ ಹೋಗುವ ಗೆರೆಯನ್ನು ರೂಟರ್ ಮುಟ್ಟದಂತೆ ಲಾಕ್ ಮಾಡಿದ್ದಾಳೆ, ಒಂದಲ್ಲ ಮೂರು ಸಲ ನೋಡಿದ್ದಾಳೆ, ಈಗ ನೋಡಿ ಏನು ಬಂತು ಭಾಗ್ಯ. ಹೋದ ಸಲ ಅದೇ ಗೆರೆಯನ್ನು ಸ್ಕ್ರೂ ತೂತಿನಿಂದ ದೂರ ಬಳಸಿ ಕೈಯಾರೆ ಎಳೆದು, ಆಹಾ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡು, ತೂತಿನ ಸುತ್ತ ಯಾವ ಗೆರೆಯೂ ಬಾರದಂತೆ ವೃತ್ತ ಹಾಕಲು ಸೋಮಾರಿತನ ಮಾಡಿ, ಲಾಕ್ ಒತ್ತುವುದನ್ನು ಮರೆತು, ರೂಟರನ್ನು ಓಡಲು ಬಿಟ್ಟು ಊಟಕ್ಕೆ ಹೋಗಿದ್ದಳು, ಬರುವಷ್ಟರಲ್ಲಿ ನೂರಕ್ಕೆ ನೂರು, ನೂರು ಕಂಡ ಮೇಲೆ ಮತ್ತೆ ಯಾರು ನೋಡುತ್ತಾರೆ, ನೋಡಬೇಕಿತ್ತು, ಅದಕ್ಕೇ ತಾನೇ ಸಂಬಳ. ಅವಳು ಎಳೆದದ್ದನ್ನು ಕಿತ್ತ ರೂಟರ್ ಆ ಕೂದಲೆಳೆಯಷ್ಟು ತಾಮ್ರವನ್ನು ಸೀದಾ ಸ್ಕ್ರೂವಿನ ತಲೆಯ ಅಡಿಗೇ ತಂದಿಟ್ಟಿತ್ತು.

ಎಷ್ಟು ಹದವಾಗಿ ಬಿಗಿದರೂ ಅದು ತುಂಡಾಗುವುದೇ, ಯಾರು ಬಿಗಿದರೂ, ಆಸ್ಪತ್ರೆಯಲ್ಲಿ ಆ ಬೋರ್ಡಿದ್ದ, ಔಷಧಿ ಹನಿಸುವ ಪಂಪು ನಿಂತುಹೋಗಿದೆ, ಅಲಾರಂ ಕೂಗಿಲ್ಲ, ನರ್ಸಮ್ಮನ ಕಣ್ಣಿಗೆ ಬಿದ್ದದ್ದಕ್ಕೆ ರೋಗಿ ಬದುಕಿದ — ಬೆಳಿಗ್ಗೆ ಮೀಟಿಂಗಿನಲ್ಲಿ ಭೂತಗನ್ನಡಿ, ಅಂದರೆ ತಪಾಸಣೆಯ ಅಧಿಕಾರಿ, ಹೆಂಡತಿಯ ಮುಖವನ್ನೂ ಲೆನ್ಸ್ ಹಿಡಿದೇ ನೋಡುತ್ತಾನೆಂದು ಎಲ್ಲರೂ ನಗುವ ಮನುಷ್ಯ, ಬಿಚ್ಚಿದ ಬೋರ್ಡನ್ನು ಬೆಳಕಿಗೆ ಹಿಡಿದು, ಸ್ಕ್ರೂ ಕೆಳಗೆ ಬಣ್ಣ ಜಜ್ಜಿಹೋಗಿದೆ ನೋಡಿ, ಬಿಗಿ ಜಾಸ್ತಿಯಾಗಿದೆ, ಇದನ್ನು ಜೋಡಿಸಿದ್ದು ಯಾರ ಬೆಂಚು, ಎಂದ. ಅಲ್ಲಿ ಗೆರೆ ಯಾಕಿದೆ ಎಂದು ಆ ಲೆನ್ಸಿಗೂ ಹೊಳೆಯಲಿಲ್ಲ, ಕಂಪ್ಯೂಟರ್ ಹಾಕಿದ್ದಲ್ಲವೇ, ಸರಿಯೇ ಇರುತ್ತದೆ. ಬೆಂಚು ಅವಳ ಚಿಕ್ಕಮ್ಮನದು. ಇಪ್ಪತ್ತೆರಡು ವರ್ಷದಿಂದ ಅದೇ ಬೆಂಚು. ಆಗಿರ್ಬೋದು ಸಾರ್, ನನ್ನ ಕೈ ಸ್ವಲ್ಪ ಜೋರು, ಮನೇಲೂ ಎಲ್ರೂ ಅದನ್ನೇ ಹೇಳ್ತಾರೆ, ಎಂದು ಚಿಕ್ಕಮ್ಮ ಅವಳ ಕಡೆ ನೋಡಿ ನಕ್ಕಳು, ಅಲ್ವೇನೇ, ನೀನೇ ಹೇಳು — ಹೌದು, ಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳ ಕಚ್ಚಿಕೊಂಡರೂ ಚಿಕ್ಕಮ್ಮನೇ ಬರಬೇಕು — ಅವಳು ಮುಂದಿದ್ದ ನೋಟ್‌ಬುಕ್ಕಿನಲ್ಲಿ ಇವತ್ತಿನ ತಾರೀಕು ಬರೆದಳು. ನಮ್ಮಕ್ಕನ ಮಗಳು ಸಾರ್, ಕಂಪ್ಯೂಟರ್ ಕಲ್ತಿದಾಳೆ, ಒಂದು ಅವಕಾಶ ಕೊಡಿ, ಎಂದು ಈ ಕುರ್ಚಿ ಕೊಡಿಸಿದ್ದೂ ಅದೇ ಬಾಯಿ. ನಾಳೆಯಿಂದ ಚಿಕ್ಕಮ್ಮ ಪೆಟ್ಟಿಗೆಗೆ ಟೇಪ್ ಅಂಟಿಸುವ ಕಡೆಗೆ, ಸ್ಕ್ರೂ ಮುಟ್ಟುವ ಹಾಗಿಲ್ಲ.

ಎಂಬತ್ತೆಂಟು. ವಿನ್ಯಾಸದಲ್ಲಿ ದೋಷವಿಲ್ಲ, ಜೋಡಣೆಯ ತಪ್ಪು, ಎಂದು ಅವಳು ಬರೆದು ಸಹಿ ಹಾಕಬೇಕು, ಸಂಜೆಯೊಳಗೆ ಕೊಡಿ ಎಂದಿದ್ದಾನೆ ಭೂತಗನ್ನಡಿ, ಇತ್ತ ಅವಳು ಸದ್ದಿಲ್ಲದೆ ಗೆರೆಯನ್ನು ಸರಿಸುತ್ತಿದ್ದಾಳೆ, ಸಣ್ಣ ಸುಧಾರಣೆ ಎಂದು ಹೆಸರಿಟ್ಟು, ಕಳ್ಳಿ, ಹೇಳಬಾರದೇ, ಎದ್ದು ಹೋಗಿ ಎರಡು ಮಾತು, ಸಾರ್ ಅದು ನನ್ನಿಂದಾದದ್ದು, ಹೇಳಿದರೆ ಕೆಲಸ ಹೋಗುತ್ತದೆ, ಹೋಗಲಿ, ಹೋಗಲಿ ಎನ್ನುವುದು ಸುಲಭ — ಗಾಜಿನಾಚೆ ಕೆಳಗಿನ ಹಾಲಿನಲ್ಲಿ ಚಿಕ್ಕಮ್ಮ ಇವತ್ತಿನ ಕೊನೆಯ ಬೋರ್ಡುಗಳನ್ನು ಕೂರಿಸುತ್ತಿದ್ದಾಳೆ, ಸ್ಕ್ರೂ ಡ್ರೈವರನ್ನು ಎಂದಿನಂತೆ ಮುಷ್ಟಿಯಲ್ಲಿ ಹಿಡಿದಿಲ್ಲ, ಎರಡೇ ಬೆರಳಲ್ಲಿ, ಬಿಸಿ ಪಾತ್ರೆ ಮುಟ್ಟುವವರ ಹಾಗೆ, ಅರ್ಧ ಸುತ್ತು, ನಿಲ್ಲಿಸುತ್ತಾಳೆ, ಬೋರ್ಡು ಎತ್ತಿ ನೋಡುತ್ತಾಳೆ, ಇನ್ನೂ ಕಾಲು ಸುತ್ತು ಬೇಕು, ಇಲ್ಲದಿದ್ದರೆ ಬೋರ್ಡು ಸಡಿಲ, ಕೈ ಬರುತ್ತಿಲ್ಲ. ತೊಂಬತ್ತಾರು. ಸಹಿ, ಎರಡು ಮಾತು, ಸಹಿ. ಚಿಕ್ಕಮ್ಮ ತಲೆಯೆತ್ತಿ ಗಾಜಿನ ಕಡೆ ನೋಡುತ್ತಾಳೆ, ಅವಳನ್ನು ಕಂಡು ಮುಖ ಅರಳುತ್ತದೆ, ಬೋರ್ಡನ್ನು ಎತ್ತಿ ತೋರಿಸಿ ಹುಬ್ಬು ಏರಿಸುತ್ತಾಳೆ, ಇಷ್ಟು ಸಾಕೇನೇ, ಓದಿದವಳಲ್ವಾ, ನೀನೇ ಹೇಳು, ಗಾಜಿನಾಚೆಯ ಮಾತು ಕೇಳಿಸದಿದ್ದರೂ ಕೇಳಿಸುತ್ತದೆ, ಅವಳ ತಲೆ ತಾನಾಗಿ ಆಡಿತು, ಸಾಕು. ಚಿಕ್ಕಮ್ಮ ತೃಪ್ತಿಯಿಂದ ಮುಂದಿನ ಬೋರ್ಡು ಎತ್ತಿಕೊಂಡಳು, ಎರಡು ಬೆರಳು, ಅರ್ಧ ಸುತ್ತು, ನಿಂತಿತು, ಎರಡು ಬೆರಳು, ಅರ್ಧ ಸುತ್ತು —