ಒಂಟಿ ಎಳೆಗೆ ತಗಲಿದ ದೃಷ್ಟಿ

ಪಾಂದೆಲೀಸ್ ಮೇಷ್ಟ್ರ ಪ್ರಯೋಗಾಲಯದಲ್ಲಿ ದೇವರಿಗಿಂತ ಹೆಚ್ಚಿನ ಮಡಿ ಆರ್‌ಎನ್‌ಎಗೆ. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಅದರ ಮೇಲೆ ಉಸಿರು ಬಿಡುವಂತಿಲ್ಲ, ಅದರ ಮೇಜಿನ ಬಳಿ ಬಾಯಿ ತೆರೆಯುವಂತಿಲ್ಲ. ಗ್ರೀಸಿನ ಆ ಥೆಸಲೊನೀಕಿ ಊರಿನವರಿಗೆ ಬಾಯಿ ಮುಚ್ಚಿಕೊಂಡಿರಿ ಅನ್ನುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಆದರೂ ಮೇಷ್ಟ್ರ ಭಯಕ್ಕೆ ಎಲ್ಲರೂ ತೆಪ್ಪಗಿದ್ದರು.

"ಡಿಎನ್‌ಎ ಮನೆ ಯಜಮಾನ ಇದ್ದಂಗೆ" ಎಂದು ಮೇಷ್ಟ್ರು ಹೊಸಬರಿಗೆಲ್ಲ ಹೇಳುವರು. "ಎರಡೆಳೆ ಹೊಸೆದ ಗಟ್ಟಿ ಆಸಾಮಿ. ಕೋಣೆ ಬಿಟ್ಟು ಹೊರಗೆ ಕಾಲಿಡಲ್ಲ. ಅವನ ಮಾತು ಹೊತ್ಕೊಂಡು ಅಡುಗೆಮನೆಗೆ ಓಡೋದು ಈ ಬಡಪಾಯಿ ಒಂಟಿ ಎಳೆ, ಆರ್‌ಎನ್‌ಎ. ಇಂಥಾ ಪ್ರೋಟೀನು ಮಾಡಿ ಅಂತ ಹೇಳತ್ತೆ, ಸಾಯತ್ತೆ. ಆ ಅಡುಗೆಮನೆ, ಅದೇ ರೈಬೋಸೋಮು, ಅದನ್ನ ಕಟ್ಟಿರೋದೂ ಬಹುಪಾಲು ಆರ್‌ಎನ್‌ಎನೇ. ನಿಮ್ಮ ಬೆವರು, ಎಂಜಲು ಒಂದು ಹನಿ ತಗಲಿದ್ರೂ ಚೂರುಚೂರು!"

ಮೇಷ್ಟ್ರ ಕೈಕೆಳಗೆ ಡಾಕ್ಟರೇಟು ಮಾಡುತ್ತಿದ್ದ ಮಿರ್ಸಿನಿಯಷ್ಟು ಮಡಿ ಯಾರೂ ಮಾಡುತ್ತಿರಲಿಲ್ಲ. ಆದರೆ ಹಾಳಾಗುತ್ತಿದ್ದದ್ದು ಅವಳ ಆರ್‌ಎನ್‌ಎಯೇ. ಆರ್‌ಎನ್‌ಎ ಕೆಟ್ಟಿಲ್ಲವೇ ಎಂದು ಪರೀಕ್ಷಿಸುವ ಜೆಲ್ ಎಂಬ ಲೋಳೆ ಹಾಳೆಯ ಮೇಲೆ ಎರಡು ಗೆರೆ ಹೊಳೆಯಬೇಕಾದ ಕಡೆ ಪ್ರತಿಸಲವೂ ಒರೆಸಿದ ಮಸಿಯಂಥ ಕಲೆ. ಮೇಷ್ಟ್ರ ತಾಳ್ಮೆ ಮುಗಿದಿತ್ತು.

"ಶುಕ್ರವಾರದ ಸಭೇಲಿ ಗೆರೆ ತೋರಿಸು ಮಗಳೇ. ಇಲ್ಲಾಂದ್ರೆ ಈ ಕೆಲಸ ಅಹಿಲೆಯಾಸ್‌ಗೆ."

ಅಹಿಲೆಯಾಸ್! ಪಕ್ಕದ ಮೇಜಿನಲ್ಲಿ ಕೈಗವಸು ಹಾಕಿಕೊಂಡೇ ಚೀಸ್ ಕಡುಬು ತಿನ್ನುವ ಪುಣ್ಯಾತ್ಮ. ತನ್ನ ಡಾಕ್ಟರೇಟು ಅವನ ಹೊಟ್ಟೆ ಸೇರುವುದನ್ನು ನೆನೆದು ಮಿರ್ಸಿನಿ ಶೌಚಾಲಯದಲ್ಲಿ ಕೂತು ಅತ್ತಳು.

ಭಾನುವಾರ ಅಕ್ಕನ ಕೂಸಿಗೆ ದೀಕ್ಷಾಸ್ನಾನವಾಯಿತು. ಅತ್ತೆಯಂದಿರು ಸಾಲಾಗಿ ಬಂದು, "ಅಯ್ಯೋ ನನ್ನ ಬಂಗಾರ! ಥೂ ಥೂ ಥೂ, ದೃಷ್ಟಿ ತಾಗದಿರಲಿ" ಎಂದು ಉಗುಳಿ ಹೋದರು. ಆ ಊರಲ್ಲಿ ಕೂಸಾಗಲಿ, ಮದುಮಗಳಾಗಲಿ, ಹೊಸ ಕಾರಾಗಲಿ, ಹೊಗಳಿದ ಮೇಲೆ ಉಗುಳದಿದ್ದರೆ ಹೊಟ್ಟೆಕಿಚ್ಚಿನವರು ಅಂತಲೇ ಲೆಕ್ಕ. ಕೂಸಿನ ಕೆನ್ನೆ ಒರೆಸುತ್ತಿದ್ದ ಮಿರ್ಸಿನಿಯ ಕೈ ಅಲ್ಲೇ ನಿಂತಿತು. ಕೆನ್ನೆ ನಿಜಕ್ಕೂ ಒದ್ದೆಯಾಗಿತ್ತು.

ಮೇಷ್ಟ್ರು ಅವಳ ನಳಿಕೆಗಳ ಮೇಲೆ ಬಗ್ಗುವುದು ನೆನಪಾಯಿತು. ತಳದಲ್ಲಿ ಬೆಳ್ಳಗೆ ಕೂತ ಆರ್‌ಎನ್‌ಎ ನೋಡಿ ಮುಖಗವಸು ಕೆಳಗೆಳೆದು, "ಎಷ್ಟು ಮುದ್ದಾಗಿದೆಯೋ! ಥೂ ಥೂ ಥೂ!" ಅನ್ನುವುದೂ ನೆನಪಾಯಿತು. ದಿನಾ ಕೇಳುವ ಆ ಸದ್ದು ಇಷ್ಟು ದಿನ ಯಾರ ಕಿವಿಗೂ ಬಿದ್ದಿರಲಿಲ್ಲ.

ಮರುದಿನ ಆರ್‌ಎನ್‌ಎ ತೆಗೆದು ಎರಡು ಪಾಲು ಮಾಡಿದಳು. ಒಂದರ ಮುಚ್ಚಳ ತೆರೆದು ಮೇಷ್ಟ್ರ ಮುಂದಿಟ್ಟಳು. ಇನ್ನೊಂದನ್ನು ಮುಚ್ಚಿ ಮಂಜುಗಡ್ಡೆಯ ಅಡಿ ಹೂತಳು. ಮೇಷ್ಟ್ರು ಬಗ್ಗಿದರು, ಮೆಚ್ಚಿದರು, ಉಗುಳಿದರು.

ಶುಕ್ರವಾರ ಅವಳು ಜೆಲ್ ತಂದು ಎಲ್ಲರ ಮುಂದೆ ಬೆಳಕಿಗಿಟ್ಟಳು. ಎಡಗಡೆ ಮಸಿ. ಬಲಗಡೆ ಎರಡು ಗೆರೆ ಝಗಝಗಿಸುತ್ತಿದ್ದವು.

"ಒಂದೇ ಮಾಲು, ಎರಡು ಥರ ಯಾಕೆ?" ಮೇಷ್ಟ್ರ ಹುಬ್ಬು ಗಂಟಿಕ್ಕಿತು.

ಮಿರ್ಸಿನಿ ಮಸಿಯತ್ತ ಬೆರಳು ತೋರಿಸಿದಳು. "ಎಡಗಡೇದಕ್ಕೆ ನಿಮ್ಮ ಪ್ರೀತಿ ತಗಲಿದೆ ಮೇಷ್ಟ್ರೇ. ಬಲಗಡೇದನ್ನ ನಿಮ್ಮಿಂದ ಬಚ್ಚಿಟ್ಟಿದ್ದೆ."

"ಹಾಗಂದ್ರೆ?"

"ಥೂ ಥೂ ಅಂತೀರಲ್ಲ... ಎಂಜಲು ತಗಲಿದ್ರೆ ಚೂರುಚೂರು ಅಂತ ಹೇಳ್ಕೊಟ್ಟಿದ್ದು ನೀವೇ."

ಅಹಿಲೆಯಾಸ್ ಜಗಿಯುವುದನ್ನು ನಿಲ್ಲಿಸಿದ. ಮೇಷ್ಟ್ರ ಕಿವಿ ಕೆಂಪಾಯಿತು. ಜೆಲ್ಲನ್ನು ಬಹಳ ಹೊತ್ತು ನೋಡಿದರು.

"ಕೆಲಸ ನಿಂದೇ" ಎಂದರು. "ತಪ್ಪು ನಂದು, ಬೈಸ್ಕೊಂಡಿದ್ದು ನೀನು." ಆಮೇಲೆ ಮುಖ ಅರಳಿತು. "ಆಹಾ, ಏನು ಗೆರೆಗಳೇ! ಎಷ್ಟು ಚೆಂದ..." ತುಟಿ ತಾನಾಗಿಯೇ ಮುಂದೆ ಬಂತು.

"ಮೇಷ್ಟ್ರೇ!" ಎಂದು ಇಡೀ ಕೋಣೆ ಕಿರುಚಿತು.

ಮಿರ್ಸಿನಿ ಜೆಲ್ಲಿಗೆ ಅಡ್ಡ ನಿಂತು ತನ್ನ ಕೆನ್ನೆ ಒಡ್ಡಿದಳು. "ನನ್ಮೇಲೆ ಉಗೀರಿ. ನಂದು ದಪ್ಪ ಚರ್ಮ."

ಮೇಷ್ಟ್ರು ಮನಸಾರೆ ಮೂರು ಸಲ ಉಗುಳಿದರು. ಅವಳು ಒರೆಸಿಕೊಳ್ಳಲಿಲ್ಲ.