ಆಪರೇಟರಮ್ಮನ ದನಿ

ದಫ್ತರದವನು ಮತ್ತೆ ರೆಕಾರ್ಡರಿನ ಗುಂಡಿ ಒತ್ತಿದ. ಕಿವಿಯಲ್ಲಿ ಮತ್ತೆ ಅವನದೇ ದನಿ.

“...ಆಗ ನಾವು ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ವಿ. ನೀರು ಮೇಲಕ್ಕೆ ಏರ್ತಾನೇ ಇರ್ಲಿಲ್ಲ...”

ಮುಂದಕ್ಕೆ ಓಡಿಸಿದ. “...ನಮ್ಮನೆಯವಳಿಗೆ ಹಳೇ ಕಾಗದದ ವಾಸನೆ ಕಂಡ್ರೇ ಆಗಲ್ಲ. ಮನೆಗೆ ಹೋದ ತಕ್ಷಣ ಅಂಗಿ ಬಿಚ್ಚು ಅಂತಾಳೆ...” ಅದೂ ಅವನೇ. ಇನ್ನೂ ಮುಂದಕ್ಕೆ ಹೋದ. ಅಲ್ಲಿಯೂ ಅವನೇ ಕೂತು ಮಾತಾಡುತ್ತಿದ್ದ. ನಡುನಡುವೆ, ಬಾಗಿಲ ಸಂದಿಯಲ್ಲಿ ಇಣುಕಿದ ಹಾಗೆ, ಒಂದು ಹೆಣ್ಣು ದನಿ: “ಹೂಂ.”

ಅವನು ಕೂತಿದ್ದದ್ದು ಆಪರೇಟರಮ್ಮನ ಗಂಡನ ಹೊಲಿಗೆ ಕೋಣೆಯಲ್ಲಿ. ದರ್ಜಿ ಅರ್ಧಕ್ಕೆ ಬಿಟ್ಟಿದ್ದ ಅಂಗಿಯ ತೋಳು ಇನ್ನೂ ಮಿಷನ್ನಿನ ಸೂಜಿಗೆ ಸಿಕ್ಕಿಕೊಂಡೇ ಇತ್ತು. ಗೋಡೆಯಾಚೆ ಮುಂದಿನ ಕೋಣೆಯಲ್ಲಿ ಆಪರೇಟರಮ್ಮ ಮಲಗಿದ್ದರು, ಬಿಳಿ ಬಟ್ಟೆ ಹೊದ್ದು, ಯಾರ ಕರೆಗೂ ಓಗೊಡುವ ಗೊಡವೆಯಿಲ್ಲದೆ. ಮಧ್ಯಾಹ್ನ ಮಸಣದ ಗಾಡಿ ಬರುವುದಿತ್ತು.

ಬೆಳಿಗ್ಗೆ ಅವರ ಮಗಳು ಫೋನ್ ಮಾಡಿದ್ದಳು. “ಸರ್, ಅಪ್ಪ ರಾತ್ರಿಯಿಂದ ಬಾಯೇ ಬಿಟ್ಟಿಲ್ಲ. ಈಗ ಒಂದೇ ಒಂದು ಮಾತು ಕೇಳಿದ್ರು. ಗಾಡಿ ಬರೋಕೆ ಮುಂಚೆ ಅವಳ ದನಿ ಒಂದ್ಸಲ ಕೇಳಿಸ್ತೀಯಾ ಅಂತ. ನಮ್ಮ ಹತ್ರ ಒಂದೂ ಇಲ್ಲ ಸರ್. ವಿಡಿಯೋ ಎಲ್ಲದ್ರಲ್ಲೂ ನಾವೇ ಇದೀವಿ, ಫೋನ್ ಹಿಡ್ಕೊಂಡೋಳು ಅಮ್ಮ. ನಿಮ್ಮ ಹತ್ರ ಇರತ್ತಲ್ವಾ?”

“ಇದೆಯಮ್ಮಾ, ಗಂಟೆಗಟ್ಟಲೆ ಇದೆ,” ಎಂದಿದ್ದ ಅವನು. ಎದೆ ತಟ್ಟಿಕೊಂಡೇ ಹೇಳಿದ್ದ. ಆಸ್ಪತ್ರೆಯ ಹಳಬರ ದನಿಯನ್ನೆಲ್ಲ ಕೂಡಿಟ್ಟವನು ಅವನು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಈ ಸ್ಟೂಲಿನ ಮೇಲೆ ಕೂತ ಮೇಲೆ ಗೊತ್ತಾಯಿತು.

* * *

ಅವನು ಕೆಲಸ ಮಾಡುವ ಆಸ್ಪತ್ರೆ ಎಷ್ಟು ಹಳೆಯದೆಂದರೆ, ಅದರ ಮೆಟ್ಟಿಲುಗಳು ನಡುವೆ ಸವೆದು ತಟ್ಟೆಯ ಹಾಗಾಗಿದ್ದವು. ದಫ್ತರದ ಕೋಣೆ ಹಿಂದೆ ಬಟ್ಟೆ ಒಗೆಯುವ ಕೋಣೆಯಾಗಿತ್ತು. ಅಲ್ಲಿ ಗಂಟು ಕಟ್ಟಿಟ್ಟ ಕಾಗದಗಳನ್ನು ಗೆದ್ದಲಿನಿಂದ ಕಾಯುವುದಷ್ಟೇ ಅವನ ಕೆಲಸ. ಆದರೆ ಅವನಿಗೊಂದು ಹುಚ್ಚು ಹತ್ತಿತು. ಕಾಗದದಲ್ಲಿ ಡಾಕ್ಟರುಗಳಿದ್ದರು, ಕಟ್ಟಡಗಳಿದ್ದವು, ಉದ್ಘಾಟನೆಗಳಿದ್ದವು. ಗಂಜಿ ಕಾಯಿಸಿದವರು, ನೆಲ ಒರೆಸಿದವರು ಇರಲಿಲ್ಲ. ಅವರನ್ನು ಹುಡುಕಿ ಮಾತಾಡಿಸಿ, ದಫ್ತರ ನೋಡಲು ಬಂದವರಿಗೆ ಆ ದನಿಗಳನ್ನು ಕೇಳಿಸಬೇಕೆಂದು ಹೊರಟ. ಮೂಲೆಗೆ ಎಸೆದಿದ್ದ ಹಳೆಯ ಟೆಲಿಫೋನ್ ಬೋರ್ಡನ್ನು ಒರೆಸಿ ಕೋಣೆಯ ನಡುವೆ ನಿಲ್ಲಿಸಿದ. ವಯರನ್ನು ಒಂದು ತೂತಿಗೆ ಚುಚ್ಚಿ ರಿಸೀವರ್ ಎತ್ತಿದರೆ ಒಬ್ಬೊಬ್ಬರು ಮಾತಾಡಬೇಕು, ಅದು ಅವನ ಏರ್ಪಾಡು.

ಆದರೆ ಮೊದಮೊದಲು ಯಾರೂ ಬರಲಿಲ್ಲ. “ನಮ್ಮದೇನು ಕತೆ ಸ್ವಾಮಿ, ಕೆಲಸ ಮಾಡಿದ್ವಿ, ಸಂಬಳ ತಗೊಂಡ್ವಿ,” ಎಂದು ಕೈಮುಗಿದರು.

ಬಂದವರು ಆಪರೇಟರಮ್ಮ ಒಬ್ಬರೇ. ಆ ಬೋರ್ಡಿನ ಮುಂದೆ ಕೂತೇ ತಲೆ ನರೆಸಿಕೊಂಡವರು. ಅದನ್ನು ನೋಡಿ ಮೊದಲು ಆಡಿದ ಮಾತು: “ಅಯ್ಯೋ, ಇದಕ್ಕೆ ಎಣ್ಣೆ ಹಚ್ಚಿ ಹೊಳೆಯೋ ಹಾಗೆ ಮಾಡಿದೀರಲ್ರೀ! ಇದು ಯಾವತ್ತೂ ಹೀಗೆ ಇರ್ಲೇ ಇಲ್ಲ.”

ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಅವನು ಮೈಕನ್ನು ಅವರ ಮುಂದಿಟ್ಟ. ಅವರು ಅದನ್ನು ಮೆಲ್ಲಗೆ ಅವನ ಕಡೆ ತಿರುಗಿಸಿದರು. ಬೇಕೆಂದು ಮಾಡಿದ್ದಲ್ಲ, ಕೈಯ ಅಭ್ಯಾಸ. ಕರೆ ಬಂದರೆ ಎತ್ತಿಕೊಂಡು, ಇನ್ನೊಬ್ಬರಿಗೆ ಕೊಟ್ಟು, ತಾನು ನಡುವಿನಿಂದ ಸರಿದುಕೊಳ್ಳುವುದೇ ಜೀವಮಾನವೆಲ್ಲ ಅವರ ಕೈ ಕಲಿತ ಪಾಠ.

“ಮೊದಲು ನೀವು ಹೇಳಿ. ಇಷ್ಟು ಜಾಗ ಬಿಟ್ಟು ಈ ಧೂಳಿಗೆ ಯಾಕೆ ಬಂದ್ರಿ?”

ಅವನು ರೆಕಾರ್ಡರಿನ ಗುಂಡಿ ಒತ್ತಿ ಹೇಳಿದ. ಮುಂದಿನ ವಾರವೂ ಹೇಳಿದ. ತಾನು ಅವರನ್ನು ಪ್ರಶ್ನೆ ಕೇಳುತ್ತಿದ್ದೇನೆ ಎಂದೇ ಅವನ ನಂಬಿಕೆಯಾಗಿತ್ತು.

* * *

ಹೊರಗೆ ಕುರ್ಚಿಗಳಲ್ಲಿ ಆಸ್ಪತ್ರೆಯ ಹಳಬರು ಕೂತಿದ್ದರು. ಕಿಟಕಿ ತೆರೆದಿದ್ದರಿಂದ ಅವರ ಮಾತು ಒಳಗೆ ಬರುತ್ತಿತ್ತು.

“ನನಗೆ ಫೋನ್ ಮಾಡಿ, ದಫ್ತರಕ್ಕೆ ಹೋಗಿ ನಿನ್ನ ಕತೆ ಹೇಳಿ ಬಾ ಅಂದ್ಲು,” ಎಂದಿತು ಸಿಸ್ಟರ್ ದನಿ. ಹೆರಿಗೆ ವಾರ್ಡು ಆಳಿದಾಕೆ, ಈಗ ಕೋಲು ಹಿಡಿದಿದ್ದಳು. “ಏನು ಹೇಳೋದೇ ಅಂದೆ. ಲಿಫ್ಟಿನಲ್ಲೇ ಮಗು ಹುಟ್ಟಿತಲ್ಲ, ಅದನ್ನ ಹೇಳು ಅಂದ್ಲು. ನನಗೇ ಮರೆತುಹೋಗಿತ್ತು ನೋಡು!”

“ನನ್ನನ್ನೂ ಕಳಿಸಿದ್ದು ಅವಳೇ,” ಎಂದ ಬಡಗಿ. “ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು ತೆಗೀತಿದ್ಲು ಮಾರಾಯ್ತಿ. ನನ್ನ ಹೆಂಡ್ತಿಗೆ ಗೊತ್ತಿಲ್ಲದ್ದೆಲ್ಲ ಅವಳಿಗೆ ಗೊತ್ತಿತ್ತು.”

“ನಿನ್ನ ಹೆಂಡ್ತಿಗೆ ಗೊತ್ತಿಲ್ಲದ್ದು ಅಂದ್ರೆ ಏನಪ್ಪಾ ಅದು?”

“ಸಾವಿನ ಮನೆಯಲ್ಲಿ ಕೇಳೋ ಪ್ರಶ್ನೆಯೇನೇ ಅದು?”

ಇಬ್ಬರೂ ಸಣ್ಣಗೆ ನಕ್ಕು, ನಕ್ಕದ್ದಕ್ಕೆ ನಾಚಿದರು. ಸಿಸ್ಟರ್ ಕೇಳಿದಳು, “ಅಲ್ಲಾ, ಅವಳದ್ದೇನು ಕತೆ? ನಿನಗೇನಾದ್ರೂ ಹೇಳಿದ್ಲಾ?”

ಬಡಗಿ ಯೋಚಿಸಿದ. “ಇಲ್ಲ ಕಣೆ. ನಾನೂ ಕೇಳ್ಲಿಲ್ಲ.”

ದಫ್ತರದವನು ಕಿಟಕಿ ಮುಚ್ಚಿದ. ಅವನೂ ಕೇಳಿಸಿಕೊಂಡವನಲ್ಲ. ಬೇರೆಯವರ ದನಿಗಳನ್ನೆಲ್ಲ ಕತ್ತರಿಸಿ, ಸೋಸಿ, ಬೋರ್ಡಿಗೆ ಜೋಡಿಸಿದ್ದ. ಆಪರೇಟರಮ್ಮನದ್ದನ್ನು ಮಾತ್ರ, ಒಳ್ಳೆಯದನ್ನು ಕೊನೆಗೆ ತಿನ್ನುವವನ ಹಾಗೆ, ಒಮ್ಮೆಯೂ ಕೇಳದೆ ಎತ್ತಿಟ್ಟಿದ್ದ.

ಮಗಳು ಬಾಗಿಲಲ್ಲಿ ನಿಂತಿದ್ದಳು. “ಸಿಕ್ತಾ ಸರ್?”

“ಹುಡುಕ್ತಾ ಇದೀನಮ್ಮಾ. ಅವರು ನನ್ನ ಮುಂದೆ ಹೆಚ್ಚು ಮಾತಾಡಿದ ಹಾಗಿಲ್ಲ.”

“ಅಮ್ಮ ಮಾತಾಡ್ಲಿಲ್ವಾ?” ಅವಳು ನಂಬಲಿಲ್ಲ. “ಮನೆಗೆ ಬಂದ್ರೆ ಅವಳದ್ದೇ ದರ್ಬಾರು ಸರ್. ಚಪ್ಪಲಿ ಬಿಡೋಕೆ ಮುಂಚೆ ಶುರು ಮಾಡೋಳು. ಅಪ್ಪ ಇಲ್ಲೇ ಮಿಷನ್ ತುಳೀತಾ ಹೂಂ, ಹೂಂ ಅನ್ನೋರು. ಅವರು ಬಾಯಿಬಿಟ್ರೆ ಮುತ್ತು ಉದುರತ್ತೆ. ಒಂದಿನ ಅಪ್ಪ ಹೂಂ ಅನ್ನೋದು ಮರೆತ್ರೆ, ಅಮ್ಮ ಊಟ ಬಿಟ್ಟು ಎದ್ದುಹೋಗಿದ್ಲು.”

ಹೊರಗೆ ಯಾರೋ ಕರೆದರು, ಅವಳು ಹೋದಳು. ದಫ್ತರದವನಿಗೆ ಅಳು ಬಂದ ಹಾಗಾಯಿತು. ಸತ್ತವರಿಗಾಗಿ ಅಲ್ಲ, ಕೊಟ್ಟ ಮಾತಿಗಾಗಿ. ಅವನು ಮತ್ತೆ ಗುಂಡಿ ಒತ್ತಿದ.

* * *

ಈ ಸಲ ಸಿಕ್ಕಿದ್ದು ಬೇಸಗೆಯ ಒಂದು ಮಧ್ಯಾಹ್ನ. ದಫ್ತರದ ಕೋಣೆಯಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ಆಪರೇಟರಮ್ಮ ಆವತ್ತು ಎಂದಿನ ಹಾಗೆ ಕೈ ಮಡಿಚಿ ಕೂತಿದ್ದರು. ಅವನು ಹೇಳುತ್ತಿದ್ದ.

ಅವನ ಅಪ್ಪ ಇದೇ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದ. ಅಂಟುವ ರೋಗ, ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಸಂಜೆ ರೋಗಿಗಳನ್ನು ಮೇಲಿನ ವರಾಂಡಕ್ಕೆ ತಂದು ಕೂರಿಸುತ್ತಿದ್ದರು. ಅವನು ಅಮ್ಮನ ಕೈ ಹಿಡಿದು ರಸ್ತೆಯಲ್ಲಿ ನಿಲ್ಲುತ್ತಿದ್ದ. ಎಲ್ಲರಿಗೂ ಒಂದೇ ಥರದ ಬಿಳಿ ಅಂಗಿ, ಎಲ್ಲರ ತಲೆಯೂ ಬೋಳು. ಅಪ್ಪ ಯಾರೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಅಮ್ಮನನ್ನು ಕೇಳಲು ನಾಚಿಕೆ. ಅದಕ್ಕೆ ಇಡೀ ಸಾಲಿಗೆ ಕೈಬೀಸುತ್ತಿದ್ದ. ಅಲ್ಲಿದ್ದವರೆಲ್ಲ ತಿರುಗಿ ಕೈಬೀಸುತ್ತಿದ್ದರು.

ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

“ಹೂಂ,” ಎಂದರು ಆಪರೇಟರಮ್ಮ. “ಆಮೇಲೆ?”

ಆಮೇಲಿನದನ್ನು ಹೇಳಲು ಅವನಿಗೆ ಆಗಲಿಲ್ಲ. ಅವರು ಅವಸರ ಮಾಡಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಲೈನಿನಲ್ಲಿ ಇದ್ದರು, ಅಷ್ಟೇ. ಫ್ಯಾನು ತಿರುಗುತ್ತಿತ್ತು. ರೆಕಾರ್ಡರನ್ನು ನಿಲ್ಲಿಸುವುದು ಇಬ್ಬರಿಗೂ ನೆನಪಾಗಲಿಲ್ಲ.

* * *

ಮುಂದಿನ ಕೋಣೆಗೆ ಹೋದಾಗ ದರ್ಜಿ ಹೆಂಡತಿಯ ತಲೆಯ ಪಕ್ಕದಲ್ಲಿ, ಗೋಡೆಗೆ ಒರಗಿ ಕೂತಿದ್ದರು. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು, ತೆಗೆಯಬೇಕೆಂದು ಅವರಿಗೂ ಹೊಳೆದಿರಲಿಲ್ಲ, ನೋಡಿದವರಿಗೂ ಹೇಳಬೇಕೆನಿಸಿರಲಿಲ್ಲ. ದಫ್ತರದವನು ಅವರ ಎದುರು ನೆಲದ ಮೇಲೆ ಕೂತ.

“ಯಜಮಾನ್ರೇ, ತಪ್ಪು ತಿಳೀಬೇಡಿ. ನಾನು ನೀವು ಅಂದ್ಕೊಂಡ ಹಾಗೆ ಏನೂ ತಂದಿಲ್ಲ. ಅವರು ಮಾತೇ ಆಡಿಲ್ಲ, ನನ್ನ ಕೈಲಿ ಆಡಿಸಿದಾರೆ. ಎಲ್ಲಾ ಹುಡುಕಿದೆ. ಅವರದ್ದು ಅಂತ ಇರೋದು ಎರಡೇ ಮಾತು.”

ದರ್ಜಿ ಅವನ ಮುಖ ನೋಡಿದರು. ಕೋಪ ಕಾಣಲಿಲ್ಲ. ಕೈ ಚಾಚಿದರು.

ದಫ್ತರದವನು ಕಿವಿಗೆ ಇಡುವ ವಯರನ್ನು ಕಿತ್ತು, ರೆಕಾರ್ಡರನ್ನು ಅವರ ಅಂಗೈಯ ಮೇಲಿಟ್ಟ. ತನ್ನ ಅಪ್ಪನ ಕತೆ ಮುಗಿಯುವ ಜಾಗಕ್ಕೆ ಆಗಲೇ ತಂದು ನಿಲ್ಲಿಸಿದ್ದ. ತನ್ನ ಕೊನೆಯ ಮೂರು ಶಬ್ದ ಕೇಳಿಸುವುದು ತಪ್ಪುವಂತಿರಲಿಲ್ಲ. ಕೇಳಿಸಿದರೆ ಕೇಳಿಸಲಿ ಎಂದುಕೊಂಡು ಒತ್ತಿದ.

“...ಅವರೆಲ್ಲ ತಿರುಗಿ ಕೈಬೀಸೋರು,” ಎಂದಿತು ಅವನ ದನಿ.

“ಹೂಂ,” ಎಂದರು ಆಪರೇಟರಮ್ಮ. “ಆಮೇಲೆ?”

ಮಗಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ರೆಕಾರ್ಡರಿನೊಳಗಿಂದ ಫ್ಯಾನಿನ ಕಟಕಟ ಬರುತ್ತಿತ್ತು, ಅದರ ಹಿಂದೆ ಒಬ್ಬರು ಉಸಿರಾಡುತ್ತಿದ್ದರು.

ದರ್ಜಿ ಅದರತ್ತ ಬಗ್ಗಿದರು.

“ಆಮೇಲೆ ಏನಿಲ್ಲ ಕಣೇ,” ಎಂದರು. “ಬೆಳಿಗ್ಗೆ ಟೀ ಮಾಡೋಣ ಅಂತ ಹೋದೆ. ಸಕ್ಕರೆ ಎಲ್ಲಿಡ್ತೀಯ ಅಂತ ಗೊತ್ತಾಗ್ಲಿಲ್ಲ. ಹಾಗೇ ಕುಡಿದೆ. ನಿಮ್ಮ ಸಿಸ್ಟರ್ ಬಂದಿದಾಳೆ, ಕೋಲು ಹಿಡ್ಕೊಂಡು ಬಂದಿದಾಳೆ ಪಾಪ. ಆ ಬಡಗಿನೂ ಬಂದಿದಾನೆ. ಅಷ್ಟು ಜನ ಬರ್ತಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ...”

ಬೀದಿಯಲ್ಲಿ ಗಾಡಿ ಬಂದು ನಿಂತ ಸದ್ದಾಯಿತು. ಹೊರಗೆ ಕುರ್ಚಿಗಳು ಸರಿದವು. ಇಬ್ಬರು ಗಂಡಸರು ಒಳಗೆ ಕಾಲಿಡಲು ಬಂದರು. ಮಗಳು ತಿರುಗಿಯೂ ನೋಡದೆ ಕೈ ಅಡ್ಡ ಚಾಚಿದಳು, ಅವರು ಹೊಸ್ತಿಲಾಚೆಯೇ ನಿಂತರು. ದರ್ಜಿ ರೆಕಾರ್ಡರನ್ನು ಬಾಯಿಯ ಹತ್ತಿರ ಹಿಡಿದು, ತಲೆ ಬಗ್ಗಿಸಿಕೊಂಡು, ಪಕ್ಕದ ಮನೆಯವರಿಗೆ ಕೇಳಿಸಬಾರದೆನ್ನುವ ಹಾಗೆ ಸಣ್ಣ ದನಿಯಲ್ಲಿ ಹೇಳುತ್ತಲೇ ಇದ್ದರು.