ಮೊದಲ ಗುಟುಕು ಹಿರಿಯನಿಗೆ

ಕುಡಿತ ಬಿಡುವವರ ಸಭೆ ಹೊನ್ನಾವರದಲ್ಲೂ ನಡೆಯುತ್ತದೆ ಎಂದು ಫೋನಿನಲ್ಲಿ ಮಾತಾಡಿದವರು ಹೇಳಿದ್ದರು. ಆದರೆ ಹೊನ್ನಾವರದ ಮೀನು ಮಾರ್ಕೆಟ್ಟಿನಲ್ಲಿ ದಿನಕರನ ಗುರುತಿಲ್ಲದವರು ಯಾರು? ಶಿರಾಲಿಯಲ್ಲಿ ಬಸ್ಸು ಹತ್ತಿದವನು ಶರಾವತಿಯ ಸೇತುವೆ ದಾಟಿ, ಹೊನ್ನಾವರದಲ್ಲಿ ಇಳಿಯದೆ, ಕುಮಟಾಕ್ಕೇ ಹೋದ. ಕುಡಿಯುವಾಗ ಇಲ್ಲದ ನಾಚಿಕೆ, ಕುಡಿತ ಬಿಡಲು ಹೊರಟಾಗ ಎಲ್ಲಿಂದ ಬಂತೋ.

ಒಂದು ಶಾಲೆಯ ಹಿಂಬದಿಯ ಕೋಣೆ. ಭಾನುವಾರದ ಮಧ್ಯಾಹ್ನ, ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಕಾಲು ಮಡಚಿಕೊಂಡು ಕೂತಿದ್ದರು. ಬಾಗಿಲಲ್ಲಿ ಅನುಮಾನಿಸುತ್ತ ನಿಂತವನನ್ನು ಕಂಡು, ಚಹಾ ಸುರಿಯುತ್ತಿದ್ದ ನರೆಗೂದಲಿನವರೊಬ್ಬರು, "ಒಳಗೆ ಬಾ ತಮಾ, ಅಲ್ಲಿ ನೆರಳಿಲ್ಲೆ," ಅಂದರು. ಅವರು ಕತಗಾಲದ ಮಹಾಬಲ, ಅಡಿಕೆ ತೋಟದವರು. ಇಲ್ಲಿ ಮನೆತನ, ಅಡ್ಡಹೆಸರು ಯಾವುದೂ ಬೇಡ, ಹೆಸರೊಂದೇ ಸಾಕು ಎಂದರು. ಅಷ್ಟು ಹಿರಿಯರನ್ನು ಬರೀ ಹೆಸರಿಂದ ಕರೆಯಲು ದಿನಕರನ ನಾಲಿಗೆ ಹೊರಳಲಿಲ್ಲ. ಮಹಾಬಲಣ್ಣ ಎಂದಾಯಿತು.

ಮೊದಲ ಕೆಲವು ವಾರ ಅವನು ಬಾಯಿ ಬಿಡಲಿಲ್ಲ, ಕೇಳಿದ. ಒಬ್ಬರು ತಮ್ಮ ಕುಡಿತದ ಕತೆ ಹೇಳುವಾಗ ಇನ್ನೊಬ್ಬರು ನಡುವೆ ಮಾತು ಹಾಕುತ್ತಿರಲಿಲ್ಲ. ಪುರಾಣ ಕೇಳಲು ಕೂತವರಲ್ಲೂ ಅವನು ಇಂಥ ಮೌನ ಕಂಡಿರಲಿಲ್ಲ. ಕುಡಿಯದೆ ಮಲಗಿದ ದಿನಗಳು ಒಂದರ ಬೆನ್ನಿಗೆ ಒಂದು ಬಂದವು.

ಮಳೆಗಾಲ ಇಳಿಯುತ್ತ ಬಂತು. ದಡಕ್ಕೆಳೆದ ದೋಣಿಯನ್ನು ಮತ್ತೆ ನೀರಿಗಿಳಿಸುವ ಮುಂಚೆ ಜಟಗನಿಗೆ ಹೂವು, ಕಾಯಿ, ಸೆರೆ ಎನ್ನುವ ಸಾರಾಯಿ ಕೊಡುವುದು ದಿನಕರನ ಮನೆಯ ನಡಾವಳಿ. ಜಟಗನೆಂದರೆ ತೆಂಗಿನ ಬುಡದ ಒಂದು ಕಲ್ಲು. ಕಡಲಿಗೆ ಹೋದವರನ್ನು ತಿರುಗಿ ಮನೆಗೆ ಕಳಿಸುವ ದೇವರು. ಅವನಿಗೆ ಎರೆದು ಉಳಿದ ಸೆರೆ ಪ್ರಸಾದ. ಅದರ ಮೊದಲ ಗುಟುಕು ಮನೆಯ ಹಿರಿಯನದು. ಅಪ್ಪ ತೀರಿದ ಮೇಲೆ ದಿನಕರನೇ ಆ ಹಿರಿಯ.

ದೋಣಿ ಇಳಿಸುವ ಮುಂಚಿನ ಭಾನುವಾರ ಅವನು ಸಭೆಯಲ್ಲಿ ಎದ್ದು ನಿಂತ.

"ಕುಡಿದ್ರೆ ನಾ ಹೋದೆ. ಕುಡೀದಿದ್ರೆ ದೇವ್ರನ್ನ ಮೀರಿದ ಹಾಗೆ. ನಾಳೆ ಕಡಲಲ್ಲಿ ನನ್ನ ತಮ್ಮಂಗೆ ಎಂತಾದ್ರೂ ಆದ್ರೆ? ಎಂತ ಮಾಡೂದು, ನೀವೇ ಹೇಳಿ."

ಮಹಾಬಲ ಅವನಿಗೆ ಚಹಾ ಸುರಿದು ಕೊಟ್ಟರು. ತಮ್ಮ ತಮ್ಮ ಕತೆ ಹೇಳುವುದೇ ಹೊರತು ತೀರ್ಪು ಕೊಡುವುದು ಆ ಸಭೆಯ ರೂಢಿಯಲ್ಲ. ಇಷ್ಟು ದೂರ ಬಂದು ಕೇಳಿದ್ದಕ್ಕೆ ಸಿಕ್ಕಿದ್ದು ಒಂದು ಲೋಟ ಚಹಾ ಎಂದು ದಿನಕರನಿಗೆ ಸಿಟ್ಟು ಬಂತು.

ಬಸ್ ಸ್ಟ್ಯಾಂಡಿನ ತನಕ ಮಹಾಬಲ ಜೊತೆಗೆ ನಡೆದರು.

"ನೀವು ಹೇಳದಿದ್ರೆ ಬಿಡಿ. ದೇವ್ರನ್ನೇ ಕೇಳ್ತೆ. ಪ್ರಸಾದ ಹಚ್ಚಿ ಕೇಳ್ತೆ," ಅಂದ ದಿನಕರ. ಒದ್ದೆ ಕಲ್ಲಿಗೆ ಹೂವಿನ ಎಸಳು ಅಂಟಿಸಿ ಕಾಯುವುದು; ಬಲಕ್ಕೆ ಬಿದ್ದರೆ ಬಿಡುಗಡೆ, ಎಡಕ್ಕೆ ಬಿದ್ದರೆ ಕುಡಿಯಬೇಕು.

"ನಮ್ಮನೆ ದೇವ್ರಿಗೆ ಸೆರೆ ಸೋಂಕೂದಿಲ್ಲ," ಅಂದರು ಮಹಾಬಲ. "ಹಾಗಾಗಿ ನಂಗೆ ಕುಡಿಯೂಕೆ ದೇವ್ರ ನೆವ ಸಿಗಲಿಲ್ಲ. ತೋಟದ ಪಂಪಿನದು ಸಿಕ್ತು. ವರ್ಷಪೂರ್ತಿ ಪಂಪ್ ರಿಪೇರಿ, ಬಾಗಿಲು ಹಾಕ್ಕೊಂಡು. ನಾ ಆ ಪಂಪಿಗೆ ಮಾಡಿದಷ್ಟು ಸೇವೆ ಯಾವ ದೇವ್ರಿಗೂ ಮಾಡಿದವನಲ್ಲ."

ದಿನಕರನಿಗೆ ನಗು ತಡೆಯಲಾಗಲಿಲ್ಲ.

"ಒಂದು ಕೇಳ್ತೆ ತಮಾ. ಎಸಳು ಯಾವ ಬದಿಗೆ ಬೀಳಲಿ ಅಂತ ನಿಂಗೆ ಆಸೆ?"

ಬಲಕ್ಕೆ ಎಂಬ ಮಾತು ನಾಲಿಗೆಯ ತನಕ ಬಂದು ನಿಂತಿತು. ಅಷ್ಟರಲ್ಲಿ ಬಸ್ಸು ಬಂತು.

ಕಿಟಕಿಯ ಪಕ್ಕ ಕೂತು ಅವನು ತನ್ನೊಳಗನ್ನೇ ನೋಡಿಕೊಂಡ. ಎಡಕ್ಕೆ ಬೀಳಲಿ ಎಂಬ ಆಸೆ ಅಲ್ಲಿ ಬೆಚ್ಚಗೆ ಕೂತಿತ್ತು. ದೇವರೇ ಕುಡಿಸಿದ ಎಂದರೆ ಯಾರು ಬೈಯುತ್ತಾರೆ? ದೇವರನ್ನು ಕೇಳುವವನು ಖಾಲಿ ಕೈಯಲ್ಲಿ ಹೋಗಬೇಕು. ತಾನು ಉತ್ತರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೊರಟಿದ್ದ. ಕೇಳುವುದು ಬೇಡ ಎಂದುಕೊಂಡ.

ದೋಣಿ ಇಳಿಸುವ ದಿನ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಅಪ್ಪನ ಅಕ್ಕ ಸುಬ್ಬಿ ಜಟಗನಿಗೆ ಹೂ ಮುಡಿಸಿ, ಕಾಯಿ ಒಡೆಸಿ, ಸೆರೆ ಎರೆದಳು. ವಾಸನೆ ಗಾಳಿಯಲ್ಲಿ ನೇರ ದಿನಕರನ ಮೂಗಿಗೇ ಬಂತು. ಬಾಯಿಯಲ್ಲಿ ನೀರೂರಿತು. ಸುಬ್ಬಿ ಲೋಟ ಚಾಚಿದಳು.

"ಹಿಡಿ."

"ಬ್ಯಾಡ ಅತ್ತೆ."

"ವರ್ಷವಿಡೀ ಯಾರಿಗೂ ಬ್ಯಾಡ ಅನ್ನದವ ದೇವ್ರ ಎದುರಿಗೆ ಬ್ಯಾಡ ಅಂತ್ಯಾ?"

ತಮ್ಮ ಅಜಯ ಕೈ ನೀಡಿದ. "ನಾ ತಕಂತೆ, ಕೊಡು."

"ನೀ ಸುಮ್ನಿರು. ಹಿರಿಯ ಇದ್ದಾಗ ನಿಂದೆಂತ?"

ದಿನಕರ ಕೈ ಮುಗಿದುಕೊಂಡೇ ನಿಂತಿದ್ದ.

"ಅತ್ತೆ, ಭಾನುವಾರ ನಾ ಕುಮಟಾಕ್ಕೆ ಹೋಗೂದು ಬಲೆ ನೋಡೂಕಲ್ಲ. ಕುಡಿಯೂದು ಬಿಟ್ಟವರ ಸಂಗ್ತಿಗೆ ಕೂತ್ಕಳೂಕೆ. ಒಂದು ಗುಟುಕು ಅಂದ್ರೆ ನಂಗೆ ಒಂದೇ ಗುಟುಕಲ್ಲ, ನಿಂಗೆ ಗೊತ್ತಿದ್ದದ್ದೇ. ಇದಕ್ಕೆ ಹಿರಿಯ ಅಜಯನೇ ಆಗ್ಲಿ. ನಾ ಹಿಂದೆ ನಿಲ್ತೆ."

ನೆರೆದ ಮನೆಯವರು ಸುಬ್ಬಿಯ ಕಡೆ ತಿರುಗಿದರು. ಕುಡಿದು ಬಿದ್ದ ಅವನನ್ನು ಎಷ್ಟೋ ಸಲ ಕಡಲದಂಡೆಯ ಹೊಯಿಗೆಯಿಂದ ಎಬ್ಬಿಸಿ ಮನೆಗೆ ತಂದವಳು ಸುಬ್ಬಿಯೇ. ಅವಳು ಅವನ ಮುಖ ನೋಡಿದಳು, ಕಲ್ಲನ್ನು ನೋಡಿದಳು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಪಕ್ಕದ ಮನೆಯವರೊಡನೆ ಆಡುವ ದನಿಯಲ್ಲಿ ಜಟಗನಿಗೆ ಹೇಳಿದಳು:

"ಕೇಳ್ದ್ಯಾ? ಇವನ ಕೈಲಿ ಆಗೂದಿಲ್ಲ ಅಂತೆ. ಇವನ ಪಾಲೂ ನೀನೇ ಕುಡಿ. ನಿಂಗೆ ಏರೂದಿಲ್ಲ."

ಲೋಟ ಕಲ್ಲಿನ ಮೇಲೆ ಬರಿದಾಯಿತು. ಒಡೆದ ಕಾಯಿಯಿಂದ ಒಂದು ಚೂರು ಎಬ್ಬಿಸಿ ಅವಳು ದಿನಕರನ ಅಂಗೈಯಲ್ಲಿಟ್ಟಳು.

"ತಿನ್ನು. ಹಿರಿಯ ತಿನ್ನದೆ ಉಳಿದವ್ರಿಗೆ ಕೊಡೂಕೆ ಬರೂದಿಲ್ಲ."

ದಿನಕರ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿದ. ಆಮೇಲೆ ಉಳಿದವರು ಕೈ ಚಾಚಿದರು.